ಮೊದಲು ಕತ್ತಲೆ, ಆಮೇಲೆ ಗುಮ್ಮಟ

"ಔರಾದಿನಾಗ ಏನದಪಾ? ಬರೇ ಕತ್ತಲಿ." ಬೀದರಿನ ಚಹಾದಂಗಡಿಯಲ್ಲಿ ಗೆಳೆಯನೊಬ್ಬ ಹೀಗಂದಾಗ ಎಲ್ಲರೂ ನಕ್ಕರು. ನಾನೂ ನಕ್ಕೆ. ಈಗ ಆ ನಗುವಿಗೆ ನಾಚಿಕೆಯಾಗುತ್ತದೆ.

ಖಗೋಳ ವೀಕ್ಷಣಾಲಯಕ್ಕೆ ಬೇಕಾದ ಮೊದಲ ಸಾಮಗ್ರಿಯೇ ಕತ್ತಲೆ. ದೂರದರ್ಶಕವನ್ನು ದುಡ್ಡು ಕೊಟ್ಟು ತರಬಹುದು, ಕತ್ತಲೆಯನ್ನು ತರಲಾಗದು. ನಮ್ಮ ಜಿಲ್ಲೆಗೆ ಜನರೆಲ್ಲ ಬಂದು ನೋಡುವಂಥ ಒಂದು ವೀಕ್ಷಣಾಲಯ ಬೇಕು, ಅದು ಔರಾದಿನ ಕಡೆಗೇ ಆಗಬೇಕು ಎಂಬುದು ನನ್ನ ವಾದ. ಆದರೆ ಕಾಡಿನ ನಡುವೆ ಕಾಂಕ್ರೀಟ್ ಗುಮ್ಮಟ, ಪಕ್ಕದಲ್ಲಿ ರೆಸಾರ್ಟ್, ಅಲ್ಲಿಯವರೆಗೆ ಸಾಲುದೀಪದ ರಸ್ತೆ ಎಂದರೆ ನಾನು ಒಪ್ಪುವುದಿಲ್ಲ. ನಮ್ಮಲ್ಲಿ ಕಾಡೇ ಕಡಿಮೆ. ಅದರ ಅಂಚಿನ ಬೋಳು ದಿಬ್ಬ ಸಾಕು. ತಿರುಗುವ ಗುಮ್ಮಟವೂ ಬೇಕಿಲ್ಲ, ಹಳಿಯ ಮೇಲೆ ಸರಿಯುವ ತಗಡಿನ ಚಾವಣಿ ಸಾಕು.

ಕಟ್ಟಡವನ್ನೇ ನೆಚ್ಚಿಕೊಂಡರೆ ಏನಾಗುತ್ತದೆಂದು ನಮ್ಮ ಇತಿಹಾಸವೇ ಹೇಳುತ್ತದೆ. ಬೀದರ್ ರಾಜಧಾನಿಯಾಗುವ ಮೊದಲು, 1407ರಲ್ಲಿ, ಬಹಮನಿ ಸುಲ್ತಾನ ಫಿರೋಜ್ ಷಾ ದೌಲತಾಬಾದಿನ ಹತ್ತಿರದ ಘಟ್ಟದ ಮೇಲೆ ವೀಕ್ಷಣಾಲಯ ಕಟ್ಟಿಸಲು ಹೊರಟ. ಅದರ ಹೊಣೆ ಹೊತ್ತ ವಿದ್ವಾಂಸ ಹಕೀಮ್ ಹಸನ್ ಗೀಲಾನಿ ತೀರಿಕೊಂಡ, ಕೆಲಸ ಅಲ್ಲಿಗೇ ನಿಂತಿತು ಎಂದು ಫೆರಿಷ್ತಾ ಬರೆದಿದ್ದಾನೆ. ಸುಲ್ತಾನನ ಬಳಿ ಹಣವಿತ್ತು, ಕಲ್ಲಿತ್ತು. ಕೆಲಸ ಮುಂದುವರಿಸುವ ಇನ್ನೊಂದು ಕೈ ಇರಲಿಲ್ಲ.

ಲಡಾಖಿನ ಹಾನ್ಲೆಯಲ್ಲಿ ಈ ತಪ್ಪನ್ನು ಮಾಡಲಿಲ್ಲ. 4,500 ಮೀಟರ್ ಎತ್ತರದ ಅಲ್ಲಿನ ದೊಡ್ಡ ದೂರದರ್ಶಕವನ್ನು ನಮ್ಮ ಹೊಸಕೋಟೆಯಲ್ಲಿ ಕುಳಿತು ನಡೆಸುತ್ತಾರೆ. ಆದರೂ 2022ರಲ್ಲಿ ಆ ಪ್ರದೇಶದ ಕತ್ತಲೆಗೆ ರಕ್ಷಣೆ ಘೋಷಿಸಿ, ಸುತ್ತಲಿನ ಹಳ್ಳಿಗಳ 24 ಮಂದಿಗೆ ತರಬೇತಿ ಕೊಟ್ಟು, ಅವರ ಕೈಗೇ ದೂರದರ್ಶಕ ಕೊಟ್ಟರು. ಇನ್ನೂ ಹತ್ತಿರದ ಉದಾಹರಣೆ ಬೇಕೆಂದರೆ ನೆರೆಯ ಮಹಾರಾಷ್ಟ್ರದ ಪೆಂಚ್ ಹುಲಿ ಕಾಡಿದೆ. ಅಲ್ಲಿ ವೀಕ್ಷಣಾಲಯದ ಜೊತೆಗೆ ಅಕ್ಕಪಕ್ಕದ ಹಳ್ಳಿಗಳ ನೂರಕ್ಕೂ ಹೆಚ್ಚು ದೀಪಗಳನ್ನು ಬೆಳಕು ಕೆಳಗೇ ಬೀಳುವಂತೆ ಬದಲಿಸಿದರು.

ನಾನು ದೀಪ ಆರಿಸಿ ಎನ್ನುತ್ತಿಲ್ಲ. ರಾತ್ರಿ ಬಸ್ಸಿಳಿದು ನಡೆಯುವ ಹೆಣ್ಣುಮಕ್ಕಳಿಗೆ ಬೆಳಕು ಬೇಕೇ ಬೇಕು. ಆದರೆ ಅದು ಅವರ ಕಾಲ ಮುಂದೆ ಬೀಳಬೇಕು, ಮುಗಿಲಿಗಲ್ಲ. ಔರಾದ್ ತಾಲ್ಲೂಕಿನ ನನ್ನ ಮಾಮನ ಊರಲ್ಲಿ ಈಗ ಹೈಮಾಸ್ಟ್ ದೀಪ ಬಂದಿದೆ. "ಅಂಗಳದಾಗ ಮಲ್ಕೊಂಡ್ರ ಚುಕ್ಕಿ ಕಾಣಂಗಿಲ್ಲೋ" ಎನ್ನುತ್ತಾರೆ ಮಾಮ.

ಭಾಲ್ಕಿಯ ಕಾಕಾನ ತಕರಾರು ಬೇರೆ: "ಮೊದಲ ಬಸ್ ಬಿಡಸು ತಮ್ಮಾ, ಆಮ್ಯಾಲ ಚುಕ್ಕಿ ತೋರ್ಸು." ಕಾಕಾ ಹೇಳುವುದು ಅರ್ಧ ನಿಜ. ಬಸ್ಸಿಲ್ಲದ ವೀಕ್ಷಣಾಲಯ ಕಾರಿದ್ದವರ ವೀಕ್ಷಣಾಲಯವಾಗುತ್ತದೆ. ಹಾಗಾಗಿ ಬಸ್ಸು ಯೋಜನೆಯ ಭಾಗವಾಗಿಯೇ ಬರಲಿ. ಆದರೆ ರಸ್ತೆಗಳೆಲ್ಲ ಸರಿಹೋಗಲಿ ಎಂದು ಬೆಂಗಳೂರಿನ ನೆಹರು ತಾರಾಲಯ ಕಾಯಲಿಲ್ಲ. ಅದು 1989ರಲ್ಲೇ ಬಂತು. ನಮಗೆ ಮಾತ್ರ ಸರದಿಯ ಪಾಠವೇಕೆ? 371(ಜೆ) ನಮಗೆ ಸೀಟು, ನೌಕರಿ ಕೊಟ್ಟಿತು. ಕುತೂಹಲವೂ ನಮ್ಮ ಪಾಲೇ.

ಪ್ರತಿ ಜೂನಿನಲ್ಲಿ ನಾವು ಮಿರಗದ ಮಳೆಗೆ ಕಾಯುತ್ತೇವೆ. ಆಗ ಮೃಗಶಿರ ನಕ್ಷತ್ರ ಕಾಣುವುದೇ ಇಲ್ಲ. ಸೂರ್ಯ ಅದೇ ದಿಕ್ಕಿನಲ್ಲಿರುತ್ತಾನೆ. ಅದನ್ನು ನೋಡಲು ಡಿಸೆಂಬರಿನ ಚಳಿಯಲ್ಲಿ ಹೊರಗೆ ಬರಬೇಕು. ಒಕ್ಕಲುತನದ ಮನೆಯಲ್ಲಿ ಹುಟ್ಟಿದ ನನಗೆ ಇದು ತಿಳಿದದ್ದು ಎಂ.ಎ. ಮುಗಿದ ಮೇಲೆ. ಹೆಸರು ಮನೆಯಲ್ಲಿತ್ತು, ಬೆರಳು ಮಾಡಿ ತೋರಿಸುವವರು ಇರಲಿಲ್ಲ.

ಆದ್ದರಿಂದ ಗುಮ್ಮಟದ ಅಂದಾಜುಪಟ್ಟಿ ಆಮೇಲೆ ಬರೆಯೋಣ. ಮೊದಲು ಔರಾದಿನ ಒಂದು ಗ್ರಾಮಸಭೆ ತನ್ನ ದೀಪಗಳ ಬಗ್ಗೆ ಠರಾವು ಮಾಡಲಿ. ಅದೇ ಊರಿನ ನಾಲ್ಕು ಹುಡುಗ ಹುಡುಗಿಯರು ಮಳೆಗಾಲದಲ್ಲಿ ತರಬೇತಿ ಪಡೆಯಲಿ. ಬೀಗದ ಕೈ ಅವರ ಬಳಿಯೇ ಇರಲಿ.