ಆ ದನಿ ಯಾರದು?

ಮೊನ್ನೆ ರಜೆಗೆ ಸಂಡೂರಿಗೆ ಹೋಗಿದ್ದೆ. ಅಕ್ಕನ ಮಗಳಿಗೆ ಆರು ವರ್ಷ. ತುತ್ತು ಇಳೀಬೇಕಂದ್ರೆ ಎದುರಿಗೆ ಕಾರ್ಟೂನ್ ಇರಲೇಬೇಕು, ಅದೂ ಹಿಂದಿಯಲ್ಲಿ. ನಾನು ರಿಮೋಟ್ ಕಿತ್ಕೊಂಡು ಭಾಷೆಯನ್ನ ಕನ್ನಡಕ್ಕೆ ಬದಲಾಯಿಸಿದೆ. ಎರಡು ನಿಮಿಷ ಮುಖ ಊದಿಸಿಕೊಂಡಿದ್ದವಳು ಆಮೇಲೆ ನಗೋಕೆ ಶುರು ಮಾಡಿದಳು. "ಮಾಮಾ, ಈ ಬೆಕ್ಕು ನಮ್ಮಂಗ ಮಾತಾಡ್ತೈತಲ್ಲ, ಯಾರು ಮಾತಾಡೋದು?" ಅಂದಳು. ಕೊನೆಯವರೆಗೂ ನೋಡಿದೆ. ಕನ್ನಡದ ದನಿ ಕೊಟ್ಟವರದ್ದು ಒಂದು ಹೆಸರೂ ಬರಲಿಲ್ಲ. "ಗೊತ್ತಿಲ್ಲ ಪುಟ್ಟಿ" ಅಂತ ಹೇಳಬೇಕಾಯ್ತು. ನಾಚಿಕೆಯಾಯ್ತು ರೀ.

ಇದೇ ಪ್ರಶ್ನೆಯನ್ನ ಜಪಾನಿನ ಮಗು ಕೇಳಿದ್ದರೆ ಮನೆಯವರೆಲ್ಲ ಉತ್ತರ ಹೇಳ್ತಿದ್ದರು. ಡೋರೆಮಾನ್ ಎಂಬ ನೀಲಿ ಬೆಕ್ಕಿಗೆ 1979ರಿಂದ 2005ರವರೆಗೆ, ಅಂದರೆ 26 ವರ್ಷ, ದನಿಯಾದವರು ನೊಬುಯೊ ಒಯಾಮಾ ಎಂಬ ಹೆಣ್ಣುಮಗಳು. ಆಮೇಲೆ 2010ರಲ್ಲಿ, ಎಪ್ಪತ್ತು ದಾಟಿದ ಮೇಲೆ, 'ಡಂಗನ್‌ರೊನ್ಪಾ' ಅನ್ನೋ ವಿಡಿಯೋ ಗೇಮ್‌ನಲ್ಲಿ ಮೊನೊಕುಮಾ ಎಂಬ ಕ್ರೂರ ಕರಡಿಗೂ ಅವರೇ ದನಿ ಕೊಟ್ಟರು. 2024ರಲ್ಲಿ 90ನೇ ವಯಸ್ಸಿನಲ್ಲಿ ತೀರಿಕೊಂಡಾಗ ಜಗತ್ತಿನಾದ್ಯಂತ ಸುದ್ದಿಯಾಯ್ತು. ಅಲ್ಲಿ ಇಂಥ ಕಲಾವಿದರಿಗೆ 'ಸೇಯೂ' ಅಂತ ಹೆಸರೇ ಇದೆ, 2007ರಿಂದ ಅವರಿಗೇ ಅಂತ ಪ್ರಶಸ್ತಿಗಳಿವೆ. ಇದೇನು ಆಕಾಶದಿಂದ ಉದುರಿದ್ದಲ್ಲ. 1973ರಲ್ಲಿ ಅವರು ಹೆಚ್ಚಿನ ಸಂಭಾವನೆಗಾಗಿ ಮುಷ್ಕರ ಮಾಡಿ ಬೀದಿಗಿಳಿದಿದ್ದರು.

ನಮ್ಮಲ್ಲಿ ಏನಾಯ್ತು? 1960ರ ದಶಕದಲ್ಲಿ ಅ.ನ.ಕೃ., ಮ. ರಾಮಮೂರ್ತಿಯಂಥವರು ಡಬ್ಬಿಂಗ್ ವಿರುದ್ಧ ನಿಂತರು. ಅವತ್ತು ಅದಕ್ಕೆ ಕಾರಣವಿತ್ತು, ಅದನ್ನ ಹೀಯಾಳಿಸೋದು ನನ್ನ ಉದ್ದೇಶವಲ್ಲ. ಆಗ ಕನ್ನಡ ಚಿತ್ರಗಳೇ ಕಡಿಮೆ, ಥಿಯೇಟರ್‌ಗಳಲ್ಲಿ ಪರಭಾಷೆಯದ್ದೇ ಕಾರುಬಾರು. ಆದರೆ ಉದ್ಯಮ ಬಲಿತ ಮೇಲೂ ನಿಷೇಧ ಹಾಗೇ ಉಳೀತು. 2012ರಲ್ಲಿ 'ಸತ್ಯಮೇವ ಜಯತೇ' ಬೇರೆ ಭಾಷೆಗಳಲ್ಲಿ ಬಂತು, ಕನ್ನಡದಲ್ಲಿ ಬರಲಿಲ್ಲ. ಕೊನೆಗೆ ಕನ್ನಡ ಗ್ರಾಹಕರ ಕೂಟ ದೂರು ಕೊಟ್ಟು, 2015ರಲ್ಲಿ ಸ್ಪರ್ಧಾ ಆಯೋಗ ಚಲನಚಿತ್ರ ವಾಣಿಜ್ಯ ಮಂಡಳಿಗೆ ದಂಡ ಹಾಕಬೇಕಾಯ್ತು.

ಇಷ್ಟು ವರ್ಷ ಇದರ ಬೆಲೆ ತೆತ್ತವರು ಯಾರು? ನಮ್ಮಂಥ ಊರಿನ ಮಕ್ಕಳು. ನಾನು ಚಿಕ್ಕವನಿದ್ದಾಗ ಕಾರ್ಟೂನ್ ನೆಟ್‌ವರ್ಕ್ ಹಿಂದಿ, ತಮಿಳು, ತೆಲುಗಿನಲ್ಲಿ ಮಾತಾಡ್ತಿತ್ತು, ಕನ್ನಡದಲ್ಲಲ್ಲ. ನಾನು ತೆಲುಗು ಕಲಿತಿದ್ದು ಬಳ್ಳಾರಿ ಪೇಟೆಯಲ್ಲಲ್ಲ ಸ್ವಾಮಿ, ಟಿವಿ ಮುಂದೆ :) 2009ರಲ್ಲಿ ಚಿಂಟು ಟಿವಿ ಬರೋ ಹೊತ್ತಿಗೆ ನನ್ನ ಓರಗೆಯವರ ಬಾಲ್ಯ ಅರ್ಧ ಮುಗಿದಿತ್ತು.

ತಮಾಷೆ ಗೊತ್ತಾ? ಡಬ್ಬಿಂಗ್ ಬೇಡ ಅಂದ ಚಿತ್ರರಂಗವೇ ತನ್ನ ನಾಯಕಿಯರನ್ನ ಡಬ್ಬಿಂಗ್‌ನಿಂದ ಸಾಕಿತ್ತು. ಮಾಧವಿ, ಜಯಪ್ರದಾ, ಅಂಬಿಕಾ, ಸುಮಲತಾ ಇವರೆಲ್ಲ ತೆರೆಯ ಮೇಲೆ ಮಾತಾಡಿದ್ದು ಬಿ. ಜಯಶ್ರೀ ದನಿಯಲ್ಲಿ. ಗುಬ್ಬಿ ವೀರಣ್ಣನವರ ಮೊಮ್ಮಗಳು, 2013ರಲ್ಲಿ ಪದ್ಮಶ್ರೀ. ರಂಗಭೂಮಿಯಲ್ಲಿ ಅವರು ದೊಡ್ಡ ಹೆಸರು. ಆದರೆ ನಮ್ಮ ಮನೆಯಲ್ಲಿ ಆ ಸಿನಿಮಾಗಳನ್ನ ಹತ್ತು ಹತ್ತು ಸಲ ನೋಡಿದ ಅಮ್ಮನಿಗೇ ಈ ವಿಷಯ ಗೊತ್ತಿರಲಿಲ್ಲ! ಪದ್ಮಶ್ರೀ ಪಡೆದವರ ಕಥೆಯೇ ಹೀಗಾದರೆ ಬೆಕ್ಕಿಗೆ ದನಿ ಕೊಟ್ಟ ಹುಡುಗಿಯನ್ನ ಕೇಳೋರು ಯಾರು?

ಈಗ ಡಬ್ಬಿಂಗ್ ಬಂದಿದೆ. 2020ರ ಲಾಕ್‌ಡೌನ್‌ನಲ್ಲಿ 'ಮಹಾಭಾರತ' ಕನ್ನಡದಲ್ಲಿ ಬಂದಾಗ ನಮ್ಮಜ್ಜಿ ಜಾಗ ಬಿಟ್ಟು ಏಳ್ತಿರಲಿಲ್ಲ. ಡಬ್ಬಿಂಗ್ ಪರ ಇದ್ದ ನಾವೂ ಗೆದ್ವಿ ಅಂತ ಸುಮ್ಮನಾಗಿಬಿಟ್ವಿ. ಅದು ನಮ್ಮ ತಪ್ಪು. ಕನ್ನಡ ಕೇಳಿಸಿದರೆ ಸಾಕಾ? ದನಿ ಕೊಟ್ಟವರ ಹೆಸರು ಬೇಡವಾ? ಮರುಪ್ರಸಾರಕ್ಕೆ ದುಡ್ಡು ಬೇಡವಾ?

ನನ್ನ ಹೊಟ್ಟೆಪಾಡು ಸಾಫ್ಟ್‌ವೇರ್, ಅದಕ್ಕೇ ಇನ್ನೊಂದು ಮಾತು. ಇವತ್ತು ಕೆಲವೇ ನಿಮಿಷಗಳ ರೆಕಾರ್ಡಿಂಗ್ ಇದ್ದರೆ ಯಾರ ದನಿಯನ್ನಾದರೂ ಕಂಪ್ಯೂಟರ್ ನಕಲು ಮಾಡುತ್ತೆ. 2024ರಲ್ಲಿ ಜಪಾನಿನ ಹೆಸರಾಂತ ಸೇಯೂಗಳು ನಮ್ಮನ್ನ ಕೇಳದೆ ನಮ್ಮ ದನಿ ಬಳಸಬೇಡಿ ಅಂತ ಒಟ್ಟಾಗಿ ಪ್ರಚಾರಕ್ಕಿಳಿದರು. ಅವರಿಗೆ ಹೆಸರಿದೆ, ಹೇಳಿದರೆ ಜನ ಕೇಳ್ತಾರೆ. ನಮ್ಮವರ ದನಿ ಕದ್ದರೆ? ಹೆಸರೇ ಇಲ್ಲದವರ ಮನೆಗೆ ಕನ್ನ ಹಾಕಿದರೆ ದೂರು ಕೊಡೋರು ಯಾರು?

ಹಾಗಾಗಿ ಕೇಳೋದು ಮೂರೇ. ಕಾರ್ಟೂನೋ ಸಿನಿಮಾನೋ, ಕೊನೆಗೆ ಕನ್ನಡದಲ್ಲಿ ದನಿ ಕೊಟ್ಟವರ ಹೆಸರು ಹಾಕಿ. ಮತ್ತೆ ಮತ್ತೆ ತೋರಿಸಿ ದುಡ್ಡು ಮಾಡಿದರೆ ಅವರಿಗೂ ಪಾಲು ಕೊಡಿ. ದನಿಯನ್ನ ಯಂತ್ರಕ್ಕೆ ಉಣಿಸೋ ಮೊದಲು ಲಿಖಿತ ಒಪ್ಪಿಗೆ ತಗೊಳ್ಳಿ. ಇದಕ್ಕೆಲ್ಲ ಖರ್ಚಾಗುತ್ತೆ ಅನ್ನೋರಿಗೆ ಒಂದು ಮಾತು: ಹೆಸರು ಹಾಕೋಕೆ ಎಷ್ಟು ಖರ್ಚಾಗುತ್ತೆ ರೀ?

ಮುಂದಿನ ಸಲ ಊರಿಗೆ ಹೋದಾಗ ಪುಟ್ಟಿ ಮತ್ತೆ ಕೇಳ್ತಾಳೆ. ಉತ್ತರ ಟಿವಿಯಲ್ಲೇ ಇರಬೇಕು. ಏನಂತೀರಿ?