ಅಡ್ಮಿನ್ ಮಾತ್ರ ಮಾತಾಡುವ ಪ್ರಜಾಪ್ರಭುತ್ವ

ಈ ವಾರ ಒಂದು ಬೆಳಿಗ್ಗೆ ಕಾಫಿ ಮುಗಿಯುವಷ್ಟರಲ್ಲಿ ನಾನು ಒಂದು ಪಕ್ಷದ 'ವಾರ್ಡ್ ಕುಟುಂಬ'ದ ಸದಸ್ಯನಾಗಿಬಿಟ್ಟಿದ್ದೆ. ಅವರು ಕೇಳಲಿಲ್ಲ, ನಾನು ಹೂಂ ಅನ್ನಲಿಲ್ಲ. ವಾಟ್ಸಾಪ್ ಗ್ರೂಪಿನ ಚಿತ್ರದಲ್ಲಿ ಕೈಮುಗಿದು ನಿಂತ ಟಿಕೆಟ್ ಆಕಾಂಕ್ಷಿ, ಬೆನ್ನ ಹಿಂದೆ ಹುಟ್ಟುತ್ತಿರುವ ಸೂರ್ಯ, ತಲೆಯ ಮೇಲೆ ನಾಯಕರ ಮುಖಗಳು ದೆಹಲಿಯಿಂದ ಹೂಡಿಯವರೆಗೆ ಒಂದೊಂದೇ ಅಳತೆ ಚಿಕ್ಕದಾಗುತ್ತಾ. ಸಂಜೆಯೊಳಗೆ ಎದುರು ಪಕ್ಷದ ಆಕಾಂಕ್ಷಿಯೂ ನನ್ನನ್ನು ಎಳೆದುಕೊಂಡ. ಅವನ ಬೆನ್ನ ಹಿಂದೆಯೂ ಅದೇ ಸೂರ್ಯ.

ಸರಿ, ಸೇರಿಸಿದ್ದಾರಲ್ಲ, ಪೈಪ್ ಹಾಕಲು ಅಗೆದ ನಮ್ಮ ರಸ್ತೆಯನ್ನು ಮುಚ್ಚುವುದು ಯಾವಾಗ ಅಂತ ಕೇಳೋಣ ಎಂದು ಹೋದರೆ ಬರೆಯಲು ಜಾಗವೇ ಇಲ್ಲ. ಅಡ್ಮಿನ್‌ಗಳು ಮಾತ್ರ ಸಂದೇಶ ಕಳಿಸಬಹುದು ಎಂಬ ಸಾಲು ಅಡಿಯಲ್ಲಿ ಮಲಗಿತ್ತು. ಎರಡನೇ ಗ್ರೂಪಿನಲ್ಲೂ ಅದೇ ಸಾಲು. ಟೀವಿಯಲ್ಲಿ ಕಚ್ಚಾಡುವ ಎರಡು ಪಕ್ಷಗಳು ಸೆಟ್ಟಿಂಗ್ಸ್ ವಿಷಯದಲ್ಲಿ ಮಾತ್ರ ಅಣ್ಣತಮ್ಮಂದಿರು.

ಬೆಂಗಳೂರಿಗೆ ಐದು ಪಾಲಿಕೆ ಅಂತ ಆದಾಗಿನಿಂದ ಈ ಹಾವಳಿ. ಬಿಬಿಎಂಪಿಯ ಕೊನೆಯ ಕೌನ್ಸಿಲ್ ಅವಧಿ ಮುಗಿದದ್ದು 2020ರ ಸೆಪ್ಟೆಂಬರಿನಲ್ಲಿ. ಅಲ್ಲಿಂದ ವರ್ಷಗಟ್ಟಲೆ ಈ ಊರಿಗೆ ಕಾರ್ಪೊರೇಟರೇ ಇಲ್ಲ, ಅಷ್ಟೂ ಕಾಲ ನನ್ನ ನಂಬರ್ ಯಾರಿಗೂ ಬೇಕಿರಲಿಲ್ಲ. ಈಗ ಅದು ಎಲ್ಲಿಂದ ಸಿಕ್ಕಿತು ಎಂದು ಹುಡುಕುವುದು ವ್ಯರ್ಥ. ಅಪಾರ್ಟ್‌ಮೆಂಟಿನ ಗೇಟು, ಉಚಿತ ಕಣ್ಣು ತಪಾಸಣೆ ಶಿಬಿರ, ರಂಗೋಲಿ ಸ್ಪರ್ಧೆ, ಮೆಡಿಕಲ್ ಶಾಪು, ಎಲ್ಲಿ ಹೋದರೂ ಮೊದಲು ನಂಬರ್ ಹೇಳಿ ಸಾರ್ ಅನ್ನುತ್ತಾರೆ. ನಾವೂ ಹೇಳುತ್ತೇವೆ.

ಆದರೆ ನಾವು ಮಹದೇವಪುರದವರು ಈ ಪ್ರಶ್ನೆಯನ್ನು ಹಾಗೇ ಬಿಡುವಂತಿಲ್ಲ. ಚಿಲುಮೆ ನೆನಪಿದೆಯಲ್ಲ? 2022ರ ನವೆಂಬರ್. ಮತದಾರರ ಜಾಗೃತಿ ಮಾಡುತ್ತೇವೆ, ನಮಗೆ ದುಡ್ಡೂ ಬೇಡ ಎಂದು ಬಿಬಿಎಂಪಿಯಿಂದ ಅನುಮತಿ ಪಡೆದ ಸಂಸ್ಥೆ. ಅದರ ಹುಡುಗರು ಕೊರಳಲ್ಲಿ ಸರ್ಕಾರಿ ನೌಕರರ ಐಡಿ ಕಾರ್ಡಿನಂಥದ್ದನ್ನು ನೇತುಹಾಕಿಕೊಂಡು ಮನೆಮನೆಗೆ ಹೋಗಿ ಮತದಾರರ ವಿವರಗಳನ್ನು ಆ್ಯಪ್‌ಗೆ ತುಂಬಿಕೊಂಡರು ಎಂಬುದು ಪತ್ರಕರ್ತರ ತನಿಖೆಯಿಂದ ಹೊರಬಿತ್ತು. ಚುನಾವಣಾ ಆಯೋಗ ಇಬ್ಬರು ಐಎಎಸ್ ಅಧಿಕಾರಿಗಳನ್ನು ಅಮಾನತು ಮಾಡಿಸಿತು. ಶಿವಾಜಿನಗರ, ಚಿಕ್ಕಪೇಟೆ, ಮಹದೇವಪುರ ಈ ಮೂರು ಕ್ಷೇತ್ರಗಳಲ್ಲಿ ಆ ವರ್ಷ ಸೇರಿಸಿದ, ಕಿತ್ತುಹಾಕಿದ ಎಲ್ಲ ಹೆಸರುಗಳನ್ನೂ ಮತ್ತೆ ನೋಡಿ ಎಂದಿತು. ಆಗ ಅಧಿಕಾರದಲ್ಲಿದ್ದದ್ದು ಬಿಜೆಪಿ, ಮಹದೇವಪುರದ ಶಾಸಕರೂ ಬಿಜೆಪಿಯವರೇ. ಯಾರದೂ ತಪ್ಪಲ್ಲ ಎಂಬಂತೆ ವಿಷಯ ತಣ್ಣಗಾಯಿತು.

ಆಗ ವಿರೋಧ ಪಕ್ಷವಾಗಿದ್ದ ಕಾಂಗ್ರೆಸ್ ಏನು ಮಾಡುತ್ತಿತ್ತು? ಅದಕ್ಕೆ ಎರಡು ತಿಂಗಳ ಮುಂಚೆ ಊರಿನ ಗೋಡೆಗಳಿಗೆ 'ಪೇಸಿಎಂ' ಅಂಟಿಸುತ್ತಿತ್ತು. ಆಗಿನ ಮುಖ್ಯಮಂತ್ರಿ ಬೊಮ್ಮಾಯಿಯವರ ಮುಖದ ಕ್ಯೂಆರ್ ಕೋಡ್, ಸ್ಕ್ಯಾನ್ ಮಾಡಿದರೆ 40 ಪರ್ಸೆಂಟ್ ಕಮಿಷನ್ ಬಗ್ಗೆ ದೂರು ಕೊಡುವ ಜಾಲತಾಣ. ಜಾಣ ಐಡಿಯಾ, ನಾನೂ ನಕ್ಕಿದ್ದೆ. ಸಿದ್ದರಾಮಯ್ಯ, ಡಿ.ಕೆ. ಶಿವಕುಮಾರ್ ತಾವೇ ಗೋಡೆಗೆ ಅಂಟಿಸಲು ಹೋಗಿ ಪೊಲೀಸರ ವ್ಯಾನ್ ಹತ್ತಿದರು. ಎಂಟು ತಿಂಗಳಲ್ಲಿ ವಿಧಾನಸೌಧದ ಮೆಟ್ಟಿಲನ್ನೂ ಹತ್ತಿದರು. ಆ ಕೋಡ್ ಒತ್ತಿ ದೂರು ಕೊಟ್ಟವರಿಗೆ ಆಮೇಲೆ ಏನಾದರೂ ಉತ್ತರ ಬಂದಿದ್ದರೆ ದಯವಿಟ್ಟು ನನಗೆ ಬರೆಯಿರಿ, ಅಂಕಣದಲ್ಲೇ ಹಾಕುತ್ತೇನೆ.

ಪಕ್ಷಗಳ ತಂತ್ರಜ್ಞಾನಕ್ಕೆ ಬಾಯಿ ಮಾತ್ರ ಇದೆ, ಕಿವಿ ಇಲ್ಲ. ಇದನ್ನು ಹೇಳಿದಾಗಲೆಲ್ಲ ನಮ್ಮ ಕಡೆಯ ಯುವ ಕಾರ್ಯಕರ್ತರು, "ಅಂಕಲ್, ಓಪನ್ ಬಿಟ್ಟರೆ ಗ್ರೂಪ್ ಕಂಟ್ರೋಲ್ ತಪ್ಪುತ್ತೆ" ಅನ್ನುತ್ತಾರೆ. ನಿಜ, ತಪ್ಪುತ್ತದೆ. ಹೊಸೂರು ರಸ್ತೆಯಲ್ಲಿ ಒಮ್ಮೆ ಹಾಗೆ ತಪ್ಪಿದ್ದಕ್ಕೇ ಕೇಂದ್ರ ಸರ್ಕಾರ ಮಂಡಿಯೂರಿದ್ದು.

2016ರ ಏಪ್ರಿಲ್ 18 ಮತ್ತು 19. ಪಿಎಫ್‌ನಲ್ಲಿ ಮಾಲೀಕರು ಹಾಕುವ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂದು ಆ ಫೆಬ್ರುವರಿಯಲ್ಲಿ ದೆಹಲಿಯಿಂದ ಆದೇಶ ಬಂದಿತ್ತು. ದೆಹಲಿಯಲ್ಲಿ ಕೂತವರಿಗೆ ಪಿಎಫ್ ಅಂದರೆ ಮುಪ್ಪಿನ ಆಸರೆ. ಗಾರ್ಮೆಂಟ್ಸಿನ ಹೆಣ್ಣುಮಕ್ಕಳಿಗೆ ಅದು ಮಗಳ ಮದುವೆ, ಮಗನ ಕಾಲೇಜು ಫೀಸು, ಊರಲ್ಲಿ ಮಾಡಿದ ಸಾಲ. ಕೆಲಸ ಬಿಟ್ಟು, ಪಿಎಫ್ ಬಿಡಿಸಿಕೊಂಡು, ಮತ್ತೆ ಪಕ್ಕದ ಫ್ಯಾಕ್ಟರಿಗೆ ಸೇರುವುದು ಇಲ್ಲಿ ಎಲ್ಲರೂ ಬಲ್ಲ ಲೆಕ್ಕ. ಅಲ್ಲದೆ ಹೊಲಿಗೆ ಲೈನಿನಲ್ಲಿ 58ರವರೆಗೆ ಯಾರನ್ನು ಇಟ್ಟುಕೊಳ್ಳುತ್ತಾರೆ? ಕಣ್ಣು ಮಂಜಾಗಿ ಪ್ರೊಡಕ್ಷನ್ ಬೀಳಲು ಶುರುವಾದರೆ ಸೂಪರ್‌ವೈಸರ್ ಬಾಯಿಗೆ ಸಿಕ್ಕು ತಾವಾಗಿಯೇ ಬಿಡುತ್ತಾರೆ.

ಬೊಮ್ಮನಹಳ್ಳಿಯಲ್ಲಿ ಮೊದಲು ಹೊರಬಂದರು. ನೋಡನೋಡುತ್ತ ಹೊಸೂರು ರಸ್ತೆ ತುಂಬಿತು. ಎಲೆಕ್ಟ್ರಾನಿಕ್ ಸಿಟಿಯ ಕಂಪನಿ ಬಸ್ಸುಗಳೆಲ್ಲ ಅಲ್ಲಲ್ಲೇ ನಿಂತವು. ಮರುದಿನ ಊರಿನ ಇನ್ನೊಂದು ತುದಿಯ ಪೀಣ್ಯ, ಜಾಲಹಳ್ಳಿ ಕ್ರಾಸ್, ತುಮಕೂರು ರಸ್ತೆ. ಹೆಬ್ಬಗೋಡಿ ಪೊಲೀಸ್ ಠಾಣೆಗೆ ಕಲ್ಲು ಬಿತ್ತು, ಬಸ್ಸುಗಳಿಗೆ ಬೆಂಕಿ ಬಿತ್ತು, ಲಾಠಿ, ಅಶ್ರುವಾಯು ಎಲ್ಲ ಆಯಿತು. ಬೆಂಕಿ ಹಚ್ಚಿದವರನ್ನು ನಾನು ಸಮರ್ಥಿಸುತ್ತಿಲ್ಲ. ಆದರೆ ಪೊಲೀಸರ ಪೇಚು ನೋಡಬೇಕಿತ್ತು, ಮಾತುಕತೆಗೆ ಕರೆಯಲು ಮುಖಂಡನೇ ಇಲ್ಲ. ಯೂನಿಯನ್‌ಗಳು ಸುದ್ದಿ ಕೇಳಿ ಹಿಂದೆ ಓಡಿಬಂದವು. ಪಕ್ಷಗಳು ಇನ್ನೂ ಹಿಂದೆ. ಕಾರ್ಮಿಕ ಸಚಿವ ಬಂಡಾರು ದತ್ತಾತ್ರೇಯ ಮೊದಲು ಜುಲೈ ಕೊನೆಯವರೆಗೆ ಆದೇಶಕ್ಕೆ ತಡೆ ಎಂದರು. ಅದೇ ದಿನ ಆದೇಶವೇ ರದ್ದು ಎಂದರು.

ಆಗ ಟೀವಿಯಲ್ಲಿ ಕೂತ ಪಂಡಿತರು ವಾಟ್ಸಾಪ್ ಕ್ರಾಂತಿ ಎಂದು ಹೆಸರಿಟ್ಟರು. ಕೆಲವು ದಿನದ ಮೇಲೆ ಹೆಬ್ಬಗೋಡಿಯ ಒಂದು ಬೇಕರಿ ಮುಂದೆ ಟೈಲರ್ ಹೆಂಗಸೊಬ್ಬರನ್ನು ಇದರ ಬಗ್ಗೆ ಕೇಳಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಫೋನ್ ಒಳಗೇ ಬಿಡಲ್ಲ ಸಾರ್, ಗೇಟಲ್ಲಿ ಇಸ್ಕೋತಾರೆ. ಪೇಪರಲ್ಲಿ ಬಂದಿದ್ದನ್ನ ನಮ್ ಬ್ಯಾಚಿನ ಹುಡುಗಿ ಊಟದ ಹೊತ್ತಲ್ಲಿ ಓದಿದ್ಲು. ರಾತ್ರಿ ನೀರು ಹಿಡಿಯೋ ಹೊತ್ಗೆ ನಮ್ ವಠಾರಕ್ಕೆಲ್ಲ ಗೊತ್ತಾಯ್ತು. ತಮ್ಮನ ಫೋನಿಗೆ ಅದೇ ಪೇಪರ್ ಫೋಟೋ ಬಂದಾಗ ನಾವು ಆಗಲೇ ಮಾತಾಡ್ಕೊಂಡಾಗಿತ್ತು." ಫೋನು ಸುದ್ದಿಯನ್ನು ಬೊಮ್ಮನಹಳ್ಳಿಯಿಂದ ಪೀಣ್ಯಕ್ಕೆ ದಾಟಿಸಿರಬಹುದು. ನಂಬಿಕೆ ಹುಟ್ಟಿದ್ದು ಮಾತ್ರ ಒಂದೇ ಲೈನಿನಲ್ಲಿ ವರ್ಷಗಟ್ಟಲೆ ಪಕ್ಕಪಕ್ಕ ಕೂತು ಹೊಲಿದದ್ದರಿಂದ. ಅಲ್ಲಿ ಅಡ್ಮಿನ್ ಇರಲಿಲ್ಲ, ಎಲ್ಲರೂ ಮಾತಾಡಬಹುದಿತ್ತು.

ಹಳಬರಿಗೆ ಇದು ಹೊಸದಲ್ಲ. 1980ರ ಡಿಸೆಂಬರಿನಲ್ಲಿ ಶುರುವಾದ ಸಾರ್ವಜನಿಕ ಉದ್ದಿಮೆಗಳ ಮುಷ್ಕರ 77 ದಿನ ನಡೆಯಿತು. ಎಚ್‌ಎಎಲ್, ಎಚ್‌ಎಂಟಿ, ಬಿಇಎಲ್, ಐಟಿಐ ಕಾರ್ಮಿಕರೆಲ್ಲ ಸೇರಿದ್ದರು. ಐಟಿಐ ಇರುವುದು ಇದೇ ಮಹದೇವಪುರದ ಮಗ್ಗುಲಲ್ಲಿ, ದೂರವಾಣಿನಗರದಲ್ಲಿ. ದೇಶಕ್ಕೆಲ್ಲ ಟೆಲಿಫೋನ್ ಮಾಡಿಕೊಟ್ಟವರು ಅವರು. ಅವರಲ್ಲಿ ಎಷ್ಟು ಮಂದಿಯ ಮನೆಯಲ್ಲಿ ಟೆಲಿಫೋನ್ ಇತ್ತು? ಗೇಟ್ ಮೀಟಿಂಗು, ಕರಪತ್ರ, ಗಂಟಲು ಹರಿದುಕೊಂಡ ಭಾಷಣ, ಇಷ್ಟರಲ್ಲೇ ಅಷ್ಟು ದಿನ ನಿಂತರು. ಗೇಟ್ ಮೀಟಿಂಗಿನಲ್ಲಿ ಹಿಂದಿನ ಸಾಲಿನವನು "ಏಯ್, ಸುಳ್ಳು ಹೇಳ್ಬೇಡ" ಎಂದು ಕೂಗಬಹುದಿತ್ತು. ಮೈಕ್ ಹಿಡಿದವನು ಅದಕ್ಕೆ ಉತ್ತರ ಕೊಡಲೇಬೇಕಿತ್ತು.

ಈಗ ಅದೇ ಸೀಮೆಯಲ್ಲಿ ಟೆಕ್‌ಪಾರ್ಕುಗಳಿವೆ. ಅಲ್ಲಿನವರು ಸಂಘಟನೆ ಮಾಡಲಿಲ್ಲ ಎಂದರೆ ಸುಳ್ಳಾದೀತು. 2013ರಲ್ಲಿ ಹುಟ್ಟಿದ ವೈಟ್‌ಫೀಲ್ಡ್ ರೈಸಿಂಗ್ ಫೇಸ್‌ಬುಕ್ಕಿನಲ್ಲಿ ಜನ ಸೇರಿಸಿ ರಸ್ತೆಗಿಳಿಸಿತು, ಮತದಾರರ ನೋಂದಣಿ ಮಾಡಿಸಿತು, ಲೋಕಲ್ ರೈಲು ಬೇಕು ಎಂದು ಜಗಳವಾಡಿತು. 2016ರ ಅಕ್ಟೋಬರಿನಲ್ಲಿ ಉಕ್ಕಿನ ಸೇತುವೆ ಬೇಡ ಎಂದು ಹ್ಯಾಷ್‌ಟ್ಯಾಗ್ ಹಿಡಿದು ಊರಿನವರು ಮಾನವ ಸರಪಳಿ ಕಟ್ಟಿದ್ದಕ್ಕೆ ಮರುವರ್ಷ ಮಾರ್ಚಿನಲ್ಲಿ ಸರ್ಕಾರ ಯೋಜನೆಯನ್ನೇ ಕೈಬಿಟ್ಟಿತು. ದೊಡ್ಡ ಗೆಲುವು. ಆದರೆ ಇಂಗ್ಲಿಷಿನಲ್ಲಿ ನಡೆಯುವ ಈ ಗ್ರೂಪುಗಳಲ್ಲಿ ಅದೇ ಅಪಾರ್ಟ್‌ಮೆಂಟಿನ ಸೆಕ್ಯೂರಿಟಿ ಇಲ್ಲ, ಮನೆಕೆಲಸದಾಕೆ ಇಲ್ಲ, ಕ್ಯಾಬ್ ಡ್ರೈವರ್ ಇಲ್ಲ. ರಸ್ತೆ ಮಾತ್ರ ಎಲ್ಲರದೂ ಒಂದೇ.

ಯಾರ ಪೋಸ್ಟಿಗೆ ಎಷ್ಟು ತೂಕ ಎಂಬುದು 2025ರ ಸೆಪ್ಟೆಂಬರಿನಲ್ಲಿ ಎಲ್ಲರಿಗೂ ಕಾಣಿಸಿತು. ಬೆಳ್ಳಂದೂರಿನ ಹೊರವರ್ತುಲ ರಸ್ತೆಯಲ್ಲಿದ್ದ ಬ್ಲ್ಯಾಕ್‌ಬಕ್ ಕಂಪನಿಯ ಮುಖ್ಯಸ್ಥರು ಗುಂಡಿ, ಧೂಳು ಸಾಕಾಯಿತು, ಜಾಗ ಖಾಲಿ ಮಾಡುತ್ತೇವೆ ಎಂದು ಎಕ್ಸ್‌ನಲ್ಲಿ ಒಂದು ಪೋಸ್ಟ್ ಹಾಕಿದರು. ಆಂಧ್ರದ ಮಂತ್ರಿ ನಾರಾ ಲೋಕೇಶ್ ಬನ್ನಿ ಬನ್ನಿ ಎಂದರು. ನಮ್ಮ ಆಗಿನ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಬೆದರಿಕೆಗೆ ಬಗ್ಗಲ್ಲ ಎಂದರು. ಬಗ್ಗಲಿಲ್ಲ, ಗುಂಡಿ ಮುಚ್ಚಲು ಗಡುವು ಕೊಟ್ಟರು ಅಷ್ಟೆ. ಪೀಣ್ಯದ ಸಣ್ಣ ಕೈಗಾರಿಕೆಗಳವರು ತಮ್ಮ ರಸ್ತೆಗಳಿಗಾಗಿ ಮನವಿ ಪತ್ರ ಬರೆದು ಬರೆದು ಕೈಸೋತಿದ್ದಾರೆ. ಅವರಿಗೆ ಬನ್ನಿ ಎನ್ನುವ ಲೋಕೇಶನೂ ಇಲ್ಲ.

ಟೆಕ್ಕಿಗಳ ಒಳಗೂ ಒಂದು ಎಚ್ಚರ ಮೂಡಿದೆ ಎಂಬುದಕ್ಕೆ ಐಟಿ ನೌಕರರ ಸಂಘ ಕೀಟೂ ಸಾಕ್ಷಿ. 2017ರಲ್ಲಿ ಹುಟ್ಟಿದ ಸಂಘ. 2024ರಲ್ಲಿ ದಿನಕ್ಕೆ 14 ತಾಸು ದುಡಿಸುವ ಪ್ರಸ್ತಾವ ಬಂದಾಗ ಎದ್ದುನಿಂತಿತು. ಅವರ ಪ್ರಚಾರ ಆನ್‌ಲೈನ್‌ನಲ್ಲಿ ಜೋರು. ಆದರೂ ಟೆಕ್‌ಪಾರ್ಕ್ ಬಾಗಿಲಲ್ಲಿ ನಿಂತು ಕರಪತ್ರ ಹಂಚುವುದನ್ನು ಬಿಟ್ಟಿಲ್ಲ. ಲೈಕ್ ಒತ್ತಿದರೆ ಎಚ್‌ಆರ್‌ಗೆ ಕಾಣುತ್ತದೆ, ಕರಪತ್ರವನ್ನು ಮಡಚಿ ಜೇಬಿಗಿಟ್ಟುಕೊಳ್ಳಬಹುದು. ಸಾಫ್ಟ್‌ವೇರ್ ಬರೆಯುವವರೇ ಕಾಗದವನ್ನು ನಂಬುತ್ತಾರೆ.

ಕಾಗದದ ಮಾತು ಬಂದಿತಲ್ಲ, ಇನ್ನು ನನ್ನ ಹಳೇ ಹುಚ್ಚಿಗೆ ಬರುತ್ತೇನೆ: ಮತದಾರರ ಪಟ್ಟಿ. ಯಾರಾದರೂ ರಾಜಕೀಯ ಮಾತಾಡಿದರೆ ಮೊದಲು ನಿಮ್ಮ ಬೂತ್ ನಂಬರ್ ಹೇಳಿ ಅನ್ನುವುದು ನನ್ನ ದುರಭ್ಯಾಸ. ಮದುವೆ ಮನೆಗಳಲ್ಲಿ ನನ್ನ ಪಕ್ಕದ ಕುರ್ಚಿ ಖಾಲಿ ಇರುವುದು ಇದಕ್ಕೇ ಎಂದು ಮನೆಯವರು ಹೇಳುತ್ತಾರೆ.

2025ರ ಆಗಸ್ಟ್ 7ರಂದು ರಾಹುಲ್ ಗಾಂಧಿ ದೆಹಲಿಯಲ್ಲಿ ಮಹದೇವಪುರದ ಪಟ್ಟಿ ಹಿಡಿದು ಕೂತಾಗ ಆ ಹುಚ್ಚಿಗೆ ರಾಷ್ಟ್ರೀಯ ಮಾನ್ಯತೆ ಸಿಕ್ಕಿತು. 1,00,250 ಮತ ಕಳವಾಗಿದೆ ಎಂಬುದು ಅವರ ಆರೋಪ. ಅದರಲ್ಲಿ 40,009 ಸುಳ್ಳು ಅಥವಾ ಇಲ್ಲದ ವಿಳಾಸ, 10,452 ಒಂದೇ ವಿಳಾಸದಲ್ಲಿ ಗುಂಪಾಗಿರುವವರು. 2024ರಲ್ಲಿ ಬೆಂಗಳೂರು ಕೇಂದ್ರದಿಂದ ಪಿ.ಸಿ. ಮೋಹನ್ ಗೆದ್ದ ಅಂತರ 32,707. ಮಹದೇವಪುರವೊಂದರಲ್ಲೇ ಬಿಜೆಪಿಗೆ ಸಿಕ್ಕ ಮುನ್ನಡೆ 1,14,046. ಆಯೋಗ ಪ್ರಮಾಣ ಮಾಡಿ ಹೇಳಿ ಎಂದಿತು. ಬಿಜೆಪಿ ನಕ್ಕಿತು.

ಒಂದೇ ಕೋಣೆಯ ಮನೆಯಲ್ಲಿ 80 ಮತದಾರರು ಎಂದು ತೋರಿಸಿದರಲ್ಲ, ಅದರಿಂದ ಹೂಡಿ, ಗರುಡಾಚಾರ್‌ಪಾಳ್ಯ, ಕಾಡುಗೋಡಿಯ ಯಾವ ವಠಾರದ ಮಾಲೀಕನಿಗೂ ಆಶ್ಚರ್ಯವಾಗಿರಲಾರದು. ಬಿಹಾರದವನು ಬರುತ್ತಾನೆ, ರಾಯಚೂರಿನವನು ಬರುತ್ತಾನೆ, ಗ್ಯಾಸ್‌ಗೋ ಬ್ಯಾಂಕಿಗೋ ಒಂದು ಗುರುತಿನ ಚೀಟಿ ಮಾಡಿಸಿಕೊಳ್ಳುತ್ತಾನೆ, ಕೆಲಸ ಮುಗಿದರೆ ಹೋಗುತ್ತಾನೆ. ಹೆಸರು ಮಾತ್ರ ಹಾವು ಬಿಟ್ಟುಹೋದ ಪೊರೆಯ ಹಾಗೆ ಅಲ್ಲೇ ಉಳಿಯುತ್ತದೆ. ಇದರಲ್ಲಿ ಕಳ್ಳತನ ಎಷ್ಟು, ಸೋಮಾರಿತನ ಎಷ್ಟು ಎಂದು ತಿಳಿಯಬೇಕಾದರೆ ಪಟ್ಟಿ ಹಿಡಿದು ಬಾಗಿಲು ತಟ್ಟಬೇಕು. ತಟ್ಟುವವರು ಯಾರು? ಪ್ರತಿ ಬೂತಿಗೂ ಪಕ್ಷಗಳು ಏಜೆಂಟರನ್ನು ನೇಮಿಸಬಹುದು. ಬಿಜೆಪಿಗೆ ಪುಟಕ್ಕೊಬ್ಬ ಪೇಜ್ ಪ್ರಮುಖ್ ಇದ್ದಾನೆ. ತನ್ನ ಪುಟದಲ್ಲಿ ಒಂದೇ ಕೋಣೆಗೆ 80 ಹೆಸರಿದ್ದದ್ದು ಅವನಿಗೆ ಕಾಣಲಿಲ್ಲವೋ, ಕಂಡು ಸಂತೋಷವಾಯಿತೋ? ಕಾಂಗ್ರೆಸ್ಸಿನ ಏಜೆಂಟ್ ಎಲ್ಲಿದ್ದ? ಬಹುಶಃ ನನ್ನಂಥವರನ್ನು ಗ್ರೂಪಿಗೆ ಸೇರಿಸುತ್ತಿದ್ದ. ಹಳ್ಳಿಗಳಲ್ಲಿ ಕರಡು ಪಟ್ಟಿಯನ್ನು ಗ್ರಾಮಸಭೆಯಲ್ಲಿ ಓದುವ ಕ್ರಮ ಕಾಗದದ ಮೇಲಾದರೂ ಇದೆ. ಪ್ರತಿ ಬೂತಿನ ಪಟ್ಟಿಯನ್ನು ಒಂದು ಭಾನುವಾರ ಅರಳೀಕಟ್ಟೆ ಮುಂದೆ ಗಟ್ಟಿಯಾಗಿ ಓದಿ ಸ್ವಾಮಿ, ಯಾರು ಸತ್ತರು, ಯಾರು ಬಿಟ್ಟುಹೋದರು ಎಂದು ಬೀದಿಯೇ ಹೇಳುತ್ತದೆ. ಇದನ್ನು ನಾನು ಮೊದಲೂ ಬರೆದಿದ್ದೇನೆ, ಮುಂದೂ ಬರೆಯುತ್ತೇನೆ.

ಆನ್‌ಲೈನ್ ಆದರೆ ಎಲ್ಲ ಸರಿಹೋಗುತ್ತದೆ ಅನ್ನುವವರು ಆಳಂದ ಕ್ಷೇತ್ರವನ್ನು ನೋಡಲಿ. ಹೆಸರು ತೆಗೆಯಿರಿ ಎಂದು ಅಲ್ಲಿ ಬಂದ 6,018 ಆನ್‌ಲೈನ್ ಅರ್ಜಿಗಳಲ್ಲಿ ನಿಜವಾದದ್ದು ಕೇವಲ 24. ಮತದಾರನಿಗೆ ತಿಳಿಯದೆ ಅವನ ನೆರೆಯವನ ಹೆಸರಿನಲ್ಲಿ ಅರ್ಜಿ. ನೆರೆಯವನಿಗೂ ತಿಳಿಯದು.

ಮಹದೇವಪುರದ ಪಟ್ಟಿಯನ್ನು ಆಯೋಗ ಕಂಪ್ಯೂಟರಿಗೆ ಹುಡುಕಲು ಬಾರದ ರೂಪದಲ್ಲಿ ಕೊಟ್ಟಿದ್ದರಿಂದ, ಜಗತ್ತಿಗೆಲ್ಲ ಡೇಟಾ ಅಳೆದುಕೊಡುವ ಈ ಸೀಮೆಯ ಹೆಸರುಗಳನ್ನು ಕಾಂಗ್ರೆಸ್ಸಿನವರು ಏಳಡಿ ಎತ್ತರದ ಕಾಗದದ ರಾಶಿಯಲ್ಲಿ ಕೈಯಿಂದ ಹುಡುಕಿದರು. ಆರು ತಿಂಗಳು ಹಿಡಿಯಿತಂತೆ. ಆ ಪಟ್ಟಿ ತಯಾರಾದದ್ದು ನಮ್ಮದೇ ಸರ್ಕಾರ ಇದ್ದಾಗ ಅಲ್ಲವೇ, ಆಗ ನಾವೆಲ್ಲ ಕಣ್ಣು ಮುಚ್ಚಿ ಕೂತಿದ್ದೆವೇ ಎಂದು ಕೇಳಿದ ಮಂತ್ರಿ ಕೆ.ಎನ್. ರಾಜಣ್ಣನವರ ಹೆಸರನ್ನು ಸಂಪುಟದ ಪಟ್ಟಿಯಿಂದ ತೆಗೆಯುವ ಕೆಲಸ ಮಾತ್ರ ಆಗಸ್ಟ್ 11ರ ಹೊತ್ತಿಗೇ ಮುಗಿದಿತ್ತು. ಅದಕ್ಕೆ ಯಾವ ಫಾರಂ ಬೇಕಾಯಿತೋ.