ಸಹಿ ಹಾಕುವ ಕೈಗಳಿಗೆ

ಯಾರ ಕೋಣೆಗೆ ಹುಡುಗಿಯರು ಒಬ್ಬೊಬ್ಬರೇ ಹೋಗುವುದಿಲ್ಲ, ಯಾರ ಕೈಕೆಳಗೆ ಪಿಎಚ್.ಡಿ.ಗೆ ಸೇರಬೇಡ ಎಂದು ಸೀನಿಯರ್‌ಗಳು ಕಿವಿಮಾತು ಹೇಳುತ್ತಾರೆ, ಯಾರು ರಾತ್ರಿ ಹನ್ನೊಂದರ ಮೇಲೆ ‘ನಿನ್ನ ಅಧ್ಯಾಯ ಓದಿದೆ, ಮಾತಾಡೋಣ’ ಎಂದು ವಾಟ್ಸಾಪ್ ಕಳಿಸುತ್ತಾರೆ? ವಿಭಾಗದ ಅಟೆಂಡರ್‌ಗೂ ಗೊತ್ತಿರುವ ಸಂಗತಿ ಪಕ್ಕದ ಕೋಣೆಯ ಪ್ರಾಧ್ಯಾಪಕರಿಗೆ ಗೊತ್ತಿರುವುದಿಲ್ಲವೇ? ಗೊತ್ತಿದ್ದೂ ‘ಅವರ ಸ್ವಭಾವವೇ ಹಾಗೆ, ನೀನೇ ಹುಷಾರಾಗಿರಮ್ಮ’ ಎಂದು ಹೇಳಿ ಕಳಿಸುವವರಿಗೆ ಈ ಕರೆ. ಕಿರುಕುಳ ಕೊಡುವವನಿಗೆ ಬುದ್ಧಿ ಹೇಳಲು ನಾನು ಹೊರಟಿಲ್ಲ. ಅವನಿಗೆ ಶಿಕ್ಷೆ ಸಾಕು.

ಸಂಶೋಧನೆಗೆ ಸೇರಿದವಳ ಬದುಕು ಗೈಡ್ ಹಾಕುವ ಸಹಿಯ ಮೇಲೆ ನಿಂತಿರುತ್ತದೆ. ಪ್ರಗತಿ ವರದಿಗೆ ಅವರ ಸಹಿ ಬೇಕು, ಫೆಲೋಶಿಪ್ ಕೈಸೇರಲು ಬೇಕು, ಪ್ರಬಂಧ ಸಲ್ಲಿಸಲು ಬೇಕು. ವೈವಾ ಮುಗಿದ ಮೇಲೂ ಕೆಲಸ ಹುಡುಕುವಾಗ ಅವರದೇ ಒಂದು ಒಳ್ಳೆಯ ಮಾತು ಬೇಕು. ಮಸ್ಕಿಯಿಂದಲೋ ಪಾವಗಡದಿಂದಲೋ, ಮನೆಯಲ್ಲಿ ಮೊದಲು ಪದವಿ ಕಂಡವಳಾಗಿ ಬಂದ ಹುಡುಗಿ ಬಾಯಿಬಿಟ್ಟರೆ ವಿಚಾರಣೆ ಶುರುವಾಗುವ ಮೊದಲೇ ಸುದ್ದಿ ಊರು ಮುಟ್ಟುತ್ತದೆ. ‘ಓದಿದ್ದು ಸಾಕು, ನಡಿ’ ಎನ್ನುತ್ತಾರೆ ಅಪ್ಪ. ಮುಂದಿನ ತಿಂಗಳು ಗಂಡಿನ ಕಡೆಯವರು ಬರುತ್ತಾರೆ. ಅವಳ ಮೌನದ ಬೆಲೆ ಎಷ್ಟೆಂಬುದು ಕೋಣೆಯೊಳಗಿನವನಿಗೆ ಚೆನ್ನಾಗಿ ತಿಳಿದಿರುತ್ತದೆ.

ಕಾನೂನು ಇಲ್ಲವೆಂದಲ್ಲ. ಅದು ಬಂದ ದಾರಿಯನ್ನು ನಾವು ಮರೆತಿದ್ದೇವೆ, ಅಷ್ಟೆ. ರಾಜಸ್ಥಾನದ ಭಟೇರಿ ಎಂಬ ಹಳ್ಳಿಯಲ್ಲಿ ಬಾಲ್ಯವಿವಾಹ ತಡೆಯಲು ಹೋದ ಭಂವರಿ ದೇವಿಯ ಮೇಲೆ 1992ರಲ್ಲಿ ಸಾಮೂಹಿಕ ಅತ್ಯಾಚಾರ ನಡೆಯಿತು. ಕೆಳ ನ್ಯಾಯಾಲಯ 1995ರಲ್ಲಿ ಆರೋಪಿಗಳನ್ನು ಅತ್ಯಾಚಾರದ ಆರೋಪದಿಂದ ಬಿಡುಗಡೆ ಮಾಡಿತು. ಆಕೆಗೆ ಸಿಗದ ನ್ಯಾಯವೇ ಸುಪ್ರೀಂ ಕೋರ್ಟಿನ 1997ರ ವಿಶಾಖಾ ತೀರ್ಪಾಗಿ, ಕೆಲಸದ ಸ್ಥಳದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಾಗಿ, ಯುಜಿಸಿಯ 2015ರ ನಿಯಮಾವಳಿಯಾಗಿ ನಮ್ಮ ಕ್ಯಾಂಪಸ್ಸಿನವರೆಗೆ ಬಂದಿದೆ. ಈಗ ಅದು ಆಂತರಿಕ ದೂರು ಸಮಿತಿಯ ಫಲಕ. ನ್ಯಾಕ್ ತಂಡ ಬರುವ ವಾರ ಒರೆಸಿ ತೂಗುಹಾಕುತ್ತೇವೆ. ತಂಡ ಹೋದ ಮೇಲೆ ಅದರ ಮೇಲೆಯೇ ಪರೀಕ್ಷಾ ಶುಲ್ಕದ ನೋಟಿಸು ಅಂಟಿಸುತ್ತೇವೆ.

ಆ ನಿಯಮಾವಳಿಯನ್ನು ಒಮ್ಮೆ ಓದಿ. ಕುಲಪತಿ, ಕುಲಸಚಿವ, ಡೀನ್, ವಿಭಾಗದ ಮುಖ್ಯಸ್ಥ ಇವರಾರೂ ಸಮಿತಿಯಲ್ಲಿ ಇರಕೂಡದು. ವಿದ್ಯಾರ್ಥಿಗಳಿಗೆ ಸಂಬಂಧಿಸಿದ ದೂರಾದರೆ ಚುನಾಯಿತರಾದ ಮೂವರು ವಿದ್ಯಾರ್ಥಿಗಳೂ ಇರಬೇಕು. ದೂರು ವಿಚಾರಣೆಯಲ್ಲಿರುವಾಗ ಅವಳ ಕೆಲಸವನ್ನಾಗಲೀ ಪರೀಕ್ಷೆಯನ್ನಾಗಲೀ ಆರೋಪಿ ಮೌಲ್ಯಮಾಪನ ಮಾಡದಂತೆ ತಡೆಯಬಹುದು. ಅಂದರೆ ಆ ಸಹಿಯನ್ನು ಅವನ ಕೈಯಿಂದ ಕಿತ್ತುಕೊಳ್ಳುವ ಅಧಿಕಾರ ನಮಗಿದೆ. ರಾಜಿ ಎಂಬ ಮಾತು ಬರಬೇಕಾದದ್ದು ದೂರು ಕೊಟ್ಟವಳಿಂದಲೇ ಹೊರತು ‘ಸಂಸ್ಥೆಯ ಮರ್ಯಾದೆ ನೋಡಮ್ಮ’ ಎಂದು ಚಹಾ ತರಿಸುವ ಹಿರಿಯರಿಂದಲ್ಲ.

ಸಮಿತಿ ಇದ್ದರಷ್ಟೇ ಸಾಲದು, ಅದಕ್ಕೆ ಕೆಲಸ ಗೊತ್ತಿರಬೇಕು. ಗೋವಾ ವಿಶ್ವವಿದ್ಯಾಲಯದ ವಿಭಾಗ ಮುಖ್ಯಸ್ಥರೊಬ್ಬರ ಮೇಲೆ 2009ರಲ್ಲಿ ದೂರುಗಳು ಬಂದವು, ಅವರು ಕೆಲಸ ಕಳೆದುಕೊಂಡರು. 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆ ಪ್ರಕರಣವನ್ನು ಮರುವಿಚಾರಣೆಗೆ ಹಿಂದಿರುಗಿಸಿತು. ಸಮಿತಿ ಅವಸರ ಮಾಡಿ, ಆರೋಪಿಗೆ ತನ್ನ ಪರ ಹೇಳಿಕೊಳ್ಳಲು ಸರಿಯಾದ ಅವಕಾಶ ಕೊಡಲಿಲ್ಲ ಎಂಬುದೇ ಕಾರಣ. ಹದಿನಾಲ್ಕು ವರ್ಷ! ‘ಸುಳ್ಳು ದೂರು ಬಂದರೆ?’ ಎಂದು ಆತಂಕಪಡುವವರೂ, ದೂರು ಕೊಟ್ಟವರ ಪರ ನಿಲ್ಲುವವರೂ ಕೇಳಬೇಕಾದದ್ದು ಒಂದನ್ನೇ: ನೆಟ್ಟಗಿನ ವಿಚಾರಣೆ. 2025ರ ಜುಲೈನಲ್ಲಿ ಒಡಿಶಾದ ಬಾಲಾಸೋರ್‌ನ ವಿದ್ಯಾರ್ಥಿನಿಯೊಬ್ಬಳು ವಿಭಾಗದ ಮುಖ್ಯಸ್ಥರ ಮೇಲೆ ದೂರು ಕೊಟ್ಟು, ನ್ಯಾಯ ಸಿಗದೆಂದು ಜೀವ ಕಳೆದುಕೊಂಡಳು. ಆ ಕಾಲೇಜಿನಲ್ಲೂ ಸಮಿತಿ ಇತ್ತು.

ಇನ್ನು ನಮ್ಮ ಕಾಳಜಿಯ ಪರಿ ನೋಡಿ. 2021ರ ಆಗಸ್ಟ್‌ನಲ್ಲಿ ಚಾಮುಂಡಿ ಬೆಟ್ಟದ ತಪ್ಪಲಲ್ಲಿ ವಿದ್ಯಾರ್ಥಿನಿಯೊಬ್ಬಳ ಮೇಲೆ ಸಾಮೂಹಿಕ ಅತ್ಯಾಚಾರ ನಡೆದಾಗ ಮೈಸೂರು ವಿಶ್ವವಿದ್ಯಾಲಯ ಹೊರಡಿಸಿದ ಸುತ್ತೋಲೆ ಏನೆಂದಿತು? ಸಂಜೆ 6.30ರ ನಂತರ ವಿದ್ಯಾರ್ಥಿನಿಯರು ಮಾನಸಗಂಗೋತ್ರಿಯಲ್ಲಿ ಒಂಟಿಯಾಗಿ ಓಡಾಡಬಾರದು. ವಿರೋಧ ಎದ್ದ ಮೇಲೆ ಅದನ್ನು ಹಿಂತೆಗೆದುಕೊಳ್ಳಲಾಯಿತು, ನಿಜ. ಆದರೆ ತಪ್ಪು ಮಾಡಿದವರು ಗಂಡಸರಾದರೆ ಬಾಗಿಲು ಹಾಕುವುದು ಹುಡುಗಿಯರ ಹಾಸ್ಟೆಲಿಗೆ ಎಂಬ ಬುದ್ಧಿ ಎಲ್ಲಿ ಹೋಯಿತು? ರಕ್ಷಣೆಯ ಹೆಸರಲ್ಲಿ ಹೆಣ್ಣುಮಕ್ಕಳ ಓಡಾಟಕ್ಕೆ ಕತ್ತರಿ ಹಾಕಬಾರದೆಂದು ಅದೇ ಯುಜಿಸಿ ನಿಯಮ ಹೇಳುತ್ತದೆ. ಗ್ರಂಥಾಲಯಕ್ಕೆ ಹೋಗುವ ದಾರಿಯ ದೀಪ ಕೆಟ್ಟಿದ್ದರೆ ದೀಪ ಹಾಕಿಸಿ.

ಹಾಗಾದರೆ ಮಾಡುವುದೇನು? ಅವಳು ನಿಮ್ಮ ಕೋಣೆಗೆ ಬಂದು ತಡವರಿಸುತ್ತಾ ನಿಂತರೆ ಬುದ್ಧಿವಾದ ಬೇಡ, ಕುರ್ಚಿ ಕೊಡಿ. ದೂರಿಗೆ ಸಾಮಾನ್ಯವಾಗಿ ಇರುವುದು ಮೂರೇ ತಿಂಗಳ ಗಡುವು ಎಂದು ತಿಳಿಸಿ, ಬರೆಯಲು ನೆರವಾಗಿ, ಸ್ವೀಕೃತಿ ಪಡೆಯುವವರೆಗೂ ಜೊತೆಗೆ ನಡೆಯಿರಿ. ಸಾಕ್ಷಿ ಹೇಳಬೇಕಾಗಿ ಬಂದರೆ ನಿಮ್ಮ ಬಡ್ತಿಯ ಕಡತ ಯಾರ ಮೇಜಿನ ಮೇಲಿದೆ ಎಂದು ಲೆಕ್ಕ ಹಾಕಬೇಡಿ. ಮುಂದಿನ ವಿಭಾಗದ ಸಭೆಯಲ್ಲಿ ಎದ್ದುನಿಂತು ಕೇಳಿ: ನಮ್ಮ ಸಮಿತಿಯ ವಿದ್ಯಾರ್ಥಿ ಸದಸ್ಯರು ಯಾರು, ಅವರನ್ನು ಚುನಾಯಿಸಿದ್ದು ಯಾವಾಗ? ಮುಖ್ಯಸ್ಥರು ವಿಷಯ ಬದಲಿಸಿದರೆ, ಪ್ರಶ್ನೆಯನ್ನು ನಡಾವಳಿಯಲ್ಲಿ ಬರೆದುಕೊಳ್ಳಿ ಎನ್ನಿ. ಬರೆಯುವವರೆಗೆ ಕೂರಬೇಡಿ.